ಐದು ಫೂಟಿನ ರೋಲು, ಎಂಟು ಫೂಟಿನ ಗಾಜು

ಗಂಗಾವತಿಯ ಸಹೋದರ ವಸ್ತ್ರ ಭಂಡಾರಕ್ಕೆ ಹೋದವರು ಸೀರೆ ತಂದರೋ ಬಿಟ್ಟರೋ, ದೇವೇಂದ್ರಪ್ಪನಿಂದ ಒಂದು ಉಪದೇಶವನ್ನಂತೂ ಕಟ್ಟಿಸಿಕೊಂಡು ಬರುತ್ತಿದ್ದರು. ಅಂಗಡಿಯ ಒಂದು ಕಡೆ ಗಲ್ಲಾಪೆಟ್ಟಿಗೆ, ಅದರ ಹಿಂದೆ ಅವನು. ಇನ್ನೊಂದು ಕಡೆ ಸೀರೆಯ ಗಾದಿ, ಅದರ ಮೇಲೆ ತಮ್ಮ ಗವಿಸಿದ್ದೇಶ. ಗಿರಾಕಿ ಕುಳಿತು ನೀರು ಕುಡಿಯುವಷ್ಟರಲ್ಲಿ ಅಣ್ಣನ ಮಾತು ಶುರುವಾಗುತ್ತಿತ್ತು.

“ಇಪ್ಪತ್ತು ವರ್ಷ ಆತ್ರಿ, ಅಣ್ಣತಮ್ಮರು ಒಂದ ಒಲಿ, ಒಂದ ಗಲ್ಲಾ. ನನ್ನ ತಮ್ಮ ಇವತ್ತಿನತನಕ ನನ್ನ ಮುಂದ ಬಾಯಿ ತೆಗದಿಲ್ಲ ನೋಡ್ರಿ.”

ಗಿರಾಕಿಗಳು ತಮ್ಮನ ಕಡೆ ನೋಡುತ್ತಿದ್ದರು. ತಮ್ಮ ಸೀರೆ ಮಡಚುತ್ತಿದ್ದ. ನಿಜವಾಗಿಯೂ ಬಾಯಿ ತೆಗೆಯುತ್ತಿರಲಿಲ್ಲ. ಎಲ್ಲರೂ ಮೆಚ್ಚಿ ತಲೆದೂಗುತ್ತಿದ್ದರು. ದೇವೇಂದ್ರಪ್ಪನ ಎದೆ ಒಂದು ಬೆರಳು ಉಬ್ಬುತ್ತಿತ್ತು.

ಇದು ಬರೀ ಡೌಲು ಎಂದರೆ ಅನ್ಯಾಯವಾದೀತು. ಅವನಿಗೆ ತಮ್ಮನೆಂದರೆ ಪ್ರಾಣ. ಅಪ್ಪ ತೀರಿಕೊಂಡಾಗ ಗವಿಸಿದ್ದೇಶ ಇನ್ನೂ ಚಿಕ್ಕವನು. ತಮ್ಮೂರು ಸಿದ್ದಾಪುರದಲ್ಲಿ ಕಾಲುವೆ ತುಂಬಿ ಹರಿಯುವಾಗ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ದಾಟಿಸಿದವನು ದೇವೇಂದ್ರಪ್ಪ. ತೊಂದರೆಯೆಂದರೆ, ಆಮೇಲೆ ಅವನನ್ನು ಹೆಗಲಿನಿಂದ ಇಳಿಸುವುದನ್ನೇ ಮರೆತಿದ್ದ. ತಮ್ಮನಿಗೆ ನಲವತ್ತಾಗಿ ಮೀಸೆಯಲ್ಲಿ ಬಿಳಿ ಕೂದಲು ಬಂದಿದ್ದರೂ ಅವನಿಗೆ ಯಾವ ಬಣ್ಣದ ಅಂಗಿ ಒಪ್ಪುತ್ತದೆ ಎನ್ನುವುದನ್ನು ಇನ್ನೂ ಅಣ್ಣನೇ ಹೇಳುತ್ತಿದ್ದ.

ಈ ವರ್ಷ ಅಣ್ಣನ ಕಾಲು ನೆಲದ ಮೇಲೆ ನಿಲ್ಲದಿರಲು ಇನ್ನೊಂದು ಕಾರಣವಿತ್ತು. ಕೊಪ್ಪಳದಲ್ಲಿ ಸಮಾಜದವರು ಮಾದರಿ ಕೂಡುಕುಟುಂಬದವರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವವರಿದ್ದರು. ಮೊದಲ ಶಾಲು ಇವನಿಗೆ ಎಂದು ಆಗಲೇ ತೀರ್ಮಾನವಾಗಿತ್ತು. ದೇವೇಂದ್ರಪ್ಪ ಸ್ನಾನ ಮಾಡುವಾಗಲೂ ಭಾಷಣ ಒಪ್ಪಿಸುತ್ತಿದ್ದ. ಆ ಭಾಷಣದ ಬೆನ್ನೆಲುಬು ಎಂದರೆ ಅದೇ ಮಾತು, ನನ್ನ ತಮ್ಮ ನನ್ನ ಮುಂದೆ ಬಾಯಿ ತೆಗೆದಿಲ್ಲ.

ಇಷ್ಟೆಲ್ಲ ಸುಖದ ನಡುವೆ ಗಾಜು ಬಂತು.

ಹಳೆಯ ಹಲಗೆ ಬಾಗಿಲು ತೆಗೆಸಿ ರಸ್ತೆಯ ಕಡೆಗೆ ಎಂಟು ಫೂಟು ಅಗಲ, ಏಳು ಫೂಟು ಎತ್ತರದ ಒಂದೇ ಗಾಜು ಕೂರಿಸಿದ್ದರು. ಎರಡು ತುಂಡು ಹಾಕಿ ನಡುವೆ ಪಟ್ಟಿ ಕೊಡುತ್ತೇನೆಂದು ಗಾಜಿನವನು ಹೇಳಿದ್ದ. ನಡುವೆ ಪಟ್ಟಿ ಬಂದರೆ ಒಂದು ಅಂಗಡಿ ಎರಡಾದಂತೆ ಕಾಣುತ್ತದೆಂದು ದೇವೇಂದ್ರಪ್ಪನೇ ಅವನನ್ನು ಗದರಿಸಿ ಅಖಂಡ ಗಾಜು ತರಿಸಿದ್ದ. ಗಾಜಿನ ಹಿಂದೆ ಕರಿ ಬಟ್ಟೆ ಹೊದಿಸಿದ ಎರಡು ಫೂಟು ಎತ್ತರದ ಮರದ ಕಟ್ಟೆ. ಅದರ ಮೇಲೆ ನಾಲ್ಕು ಗೊಂಬೆಗಳು. ಗೊಂಬೆಗಳಿಗೆ ಸೀರೆ ಉಡಿಸುವುದು ಗವಿಸಿದ್ದೇಶನ ಕೆಲಸ. ಉಡಿಸಿದ್ದು ಸರಿಯಿದೆಯೇ ಎಂದು ರಸ್ತೆಯಲ್ಲಿ ನಿಂತು ಹೇಳುವುದು ಅಣ್ಣನ ಕೆಲಸ.

ಅಂಗಡಿಯ ಮುಖ ಪಡುವಣಕ್ಕೆ. ಗಂಗಾವತಿಯ ಮಧ್ಯಾಹ್ನದ ಬಿಸಿಲು ಯಾರ ಮಾತನ್ನೂ ಕೇಳುವಂಥದ್ದಲ್ಲ. ಎರಡು ತಿಂಗಳಲ್ಲಿ ಗೊಂಬೆಯ ಮೈಮೇಲಿನ ದಾಳಿಂಬೆ ಬಣ್ಣದ ಇಳಕಲ್ ಸೀರೆ ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಗೊಂಬೆ ಉಟ್ಟದ್ದೇ ಬೇಕೆಂದು ಹಟ ಹಿಡಿದು ಒಯ್ದಿದ್ದ ಮಾರೆವ್ವ ಮರುದಿನವೇ ಬಂದು, ತುಂಬಿದ ಅಂಗಡಿಯಲ್ಲಿ ಅದನ್ನು ಬಿಚ್ಚಿ ಹರವಿದಳು. ಒಂದು ಮಡಿಕೆ ಕೆಂಪು, ಒಂದು ಮಡಿಕೆ ಬಿಳಿಚು.

“ಒಂದು ಸೀರಿಗೆ ರೊಕ್ಕ ಕೊಟ್ಟೀನ್ರಿ ಸಾವ್ಕಾರ್ರ, ನೀವು ಎರಡು ಸೀರಿ ಕೊಟ್ಟೀರಿ” ಎಂದಳು. ಅಂಗಡಿ ತುಂಬ ನಗೆ. ಅಂದೇ ಸಂಜೆ, ಬಿಸಿಲು ತಡೆಯಲು ಗಾಜಿಗೆ ಅಂಟಿಸುವ ಕೂಲಿಂಗ್ ಪೇಪರಿನ ತಾಹೇರನಿಗೆ ಫೋನು ಹೋಯಿತು.

ತಾಹೇರ ಒಂದು ಕಾಲದಲ್ಲಿ ಕಾರಿನ ಗಾಜಿಗೆ ಕರಿ ಪೇಪರು ಅಂಟಿಸಿ ಹೆಸರು ಮಾಡಿದವನು. ಪೊಲೀಸರು ಕಂಡ ಕಂಡಲ್ಲಿ ಕಾರು ನಿಲ್ಲಿಸಿ ಅದನ್ನು ಕೀಳಿಸತೊಡಗಿದ ಮೇಲೆ ಅವನು ಅಂಗಡಿಗಳ ಕಡೆ ತಿರುಗಿದ್ದ. ಮಾತಿನಲ್ಲಿ ಅವನನ್ನು ಹಿಡಿಯುವವರಿಲ್ಲ. ಟೇಪು ಹಿಡಿದು ಗಾಜು ಅಳೆದು, ಗೊಂಬೆಗಳಿಗೆಲ್ಲ ಒಂದು ಸಲಾಮು ಹೊಡೆದು ಹೇಳಿದ.

“ರೋಲು ಐದು ಫೂಟ್ ಅಗಲ ಬರತೈತ್ರಿ ಸಾವ್ಕಾರ್ರ. ನಿಮ್ಮ ಗಾಜು ಎಂಟು. ಎರಡು ತುಂಡು ಹಾಕ್ಬೇಕಾಗತೈತಿ. ನಾಕು ಈ ಕಡಿ, ನಾಕು ಆ ಕಡಿ. ಬರೋಬ್ಬರಿ ನಡುವ ಒಂದು ಜಾಯಿಂಟು.”

“ಜಾಯಿಂಟು ಅಂದ್ರ?”

“ಎರಡೂ ತುಂಡು ಕೂಡೋ ಕಡಿ ಕೂದಲೆಳಿಯಷ್ಟು ಗೆರಿ. ನಾ ಹಾಕಿದ್ರ ಅದು ನನಗೂ ಕಾಣಂಗಿಲ್ಲ.”

ಕಾರಿನ ಗಾಜಿಗೆ ಜಾಯಿಂಟೇ ಬೇಕಾಗುವುದಿಲ್ಲ, ಹಾಗಾಗಿ ತಾನು ಈವರೆಗೆ ಒಂದನ್ನೂ ಹಾಕಿಲ್ಲ ಎಂಬುದನ್ನು ತಾಹೇರ ಹೇಳಲಿಲ್ಲ. ದೇವೇಂದ್ರಪ್ಪ ಕೇಳಲೂ ಇಲ್ಲ. ಅವನ ಕಣ್ಣು ಆಗಲೇ ಗಾಜಿನ ನಡುವಿಗೆ ನೆಟ್ಟಿತ್ತು. ಅಂಗಡಿಯ ನಟ್ಟನಡುವೆ, ತನ್ನ ಗಲ್ಲಾಕ್ಕೂ ತಮ್ಮನ ಗಾದಿಗೂ ಸಮನಾಗಿ, ಮೇಲಿಂದ ಕೆಳತನಕ ಒಂದು ಗೆರೆ.

ಈ ಸೀಮೆಯಲ್ಲಿ ಗೆರೆಯೆಂದರೆ ಏನೆಂದು ಎಲ್ಲರಿಗೂ ಗೊತ್ತು. ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯರು ಬಂದು ಪಡಸಾಲೆಯಲ್ಲಿ ಮೊದಲು ಸುಣ್ಣದ ಗೆರೆ ಎಳೆಯುತ್ತಾರೆ. ಗೋಡೆ ಆಮೇಲೆ ಬರುತ್ತದೆ, ಕೈಯಲ್ಲಿ ಕಾಸು ಕೂಡಿದಾಗ. ಇವರ ಸಂಬಂಧಿಕ, ಕುಕನೂರಿನ ಮುದುಕಪ್ಪ ಕಾಕಾನ ಮನೆಯಲ್ಲಿ ಗೋಡೆ ಏಳುವ ತನಕ ಎರಡು ವರ್ಷ ಕೋಳಿಗಳು ಮಾತ್ರ ಆ ಗೆರೆ ದಾಟುತ್ತಿದ್ದವು. ಅವನ ಕಡೆಯ ಕೋಳಿ ಆ ಕಡೆ ಮೊಟ್ಟೆ ಇಟ್ಟರೆ ಪಂಚಾಯಿತಿ ಸೇರುತ್ತಿತ್ತು.

“ಕೆಲಸ ನಿಂದರಸು” ಎಂದ ದೇವೇಂದ್ರಪ್ಪ. “ನಾಕು ಮಂದಿನ್ನ ಕೇಳ್ತೀನಿ.”

ಕೇಳಿದ. ಮೊದಲು ಶ್ರೀರಾಮನಗರದಿಂದ ವಾಸ್ತುವಿನ ಗೋವಿಂದರಾಜನನ್ನು ಕರೆಸಿದ. ಗೋವಿಂದರಾಜ ಫೋನಿನಲ್ಲಿ ದಿಕ್ಸೂಚಿ ಹಚ್ಚಿಕೊಂಡು ಅಂಗಡಿಯೊಳಗೆ ಗಿರಗಿರನೆ ತಿರುಗಿ, ತಲೆ ಸುತ್ತು ಬಂದದ್ದನ್ನು ಧ್ಯಾನವೆಂದು ತೋರಿಸಿ, “ಗೆರಿ ಉದ್ದಕ ಬಂದ್ರ ನಡೀತೈತಿ. ಅಡ್ಡ ಮಾತ್ರ ಬರಬಾರದು. ಒಳಗ ಬರೋ ಲಕ್ಷ್ಮಿ ತಲಿಗೆ ಬಡೀತೈತಿ” ಎಂದ. ಎದುರಿನ ದುರಗೇಶನ ಹೋಟೆಲಿನಲ್ಲಿ ಚಹಾ ಕುಡಿಯುವವರನ್ನು ಕೇಳಿದ. ಅವರು ಒಂದು ಚಹಾಕ್ಕೆ ಒಂದು ಅಭಿಪ್ರಾಯದಂತೆ ಕೊಟ್ಟರು. ಬದಲಿ ಸೀರೆ ಒಯ್ಯಲು ಬಂದ ಮಾರೆವ್ವನನ್ನೂ ಬಿಡಲಿಲ್ಲ. ಕೊನೆಗೆ ಕುಕನೂರಿಗೆ ಫೋನು ಮಾಡಿ ಮುದುಕಪ್ಪ ಕಾಕಾನನ್ನು ಕೇಳಿದ. ಮೂವರು ಅಣ್ಣತಮ್ಮಂದಿರಿಂದ ಬೇರೆಯಾಗಿ, ಆಮೇಲೆ ಊರವರ ಪಾಲು ಮಾಡಿಕೊಡುವುದನ್ನೇ ಒಂದು ಸೇವೆಯೆಂದು ತಿಳಿದಿದ್ದ ಮುದುಕಪ್ಪನ ಕಿವಿ ನೆಟ್ಟಗಾಯಿತು.

“ನಡುವ ಮಾತ್ರ ಬ್ಯಾಡಪಾ. ಬಾಜುಕ ಸರಸು. ಮತ್ತ ಏನರ ಹೆಚ್ಚುಕಡಿಮಿ ಆದ್ರ ಫೋನ್ ಮಾಡು, ನಾ ಬರ್ತೀನಿ” ಎಂದ.

ಈ ಮಾತುಕತೆಯೆಲ್ಲ ನಡೆಯುವಾಗ ಗವಿಸಿದ್ದೇಶ ಅಲ್ಲೇ ಕಟ್ಟೆಯ ಮೇಲೆ ಮೊಣಕಾಲೂರಿ ಗೊಂಬೆಯ ನೆರಿಗೆ ತಿದ್ದುತ್ತಿದ್ದ. ಒಮ್ಮೆ, “ಅಣ್ಣಾ, ಈ ಕಟ್ಟಿ…” ಎಂದ.

“ನೀ ನೆರಗಿ ನೋಡ್ಕೋ” ಎಂದ ಅಣ್ಣ, ಪ್ರೀತಿಯಿಂದಲೇ. ತಮ್ಮ ನೆರಿಗೆ ನೋಡಿಕೊಂಡ.

ಹೀಗೆ ಊರೆಲ್ಲ ಕೇಳಿ ತೆಗೆದ ತೀರ್ಮಾನದಂತೆ ಜಾಯಿಂಟು ನಡುವಿನಿಂದ ಬದಿಗೆ ಸರಿಯಿತು. ಗಲ್ಲಾದ ಕಡೆಗೆ ಐದು ಫೂಟಿನ ಇಡೀ ತುಂಡು, ಗಾದಿಯ ಕಡೆಗೆ ಮೂರು ಫೂಟಿನ ತುಂಡು. ಮೂರನೆಯ ಗೊಂಬೆಯ ಕೈಯ ಹಿಂದೆ ಗೆರೆ ಮುಚ್ಚಿಹೋಗುತ್ತದೆಂದು ದೇವೇಂದ್ರಪ್ಪನ ಲೆಕ್ಕ. ತಾಹೇರ ಸಾಬೂನಿನ ನೀರು ಚಿಮುಕಿಸಿ, ರಬ್ಬರಿನ ಪಟ್ಟಿಯಿಂದ ನೀರು ದಬ್ಬಿ, ಎರಡು ತುಂಡನ್ನೂ ಕೂರಿಸಿ ಸಂಜೆಗೆ ಹೋದ. ಹೋಗುವಾಗ ಗೆರೆಯನ್ನು ಹುಡುಕಿ ತೋರಿಸಿದವರಿಗೆ ಬಿರಿಯಾನಿ ಎಂದು ಪಂಥ ಕಟ್ಟಿದ.

ಮರುದಿನ ಬಿಸಿಲು ಬಂತು. ಅದಕ್ಕೆ ಬಿರಿಯಾನಿ ಕೊಡಬೇಕಾಗಿತ್ತು.

ಮೊದಲನೆಯದಾಗಿ, ಮೂರು ಫೂಟಿನ ತುಂಡು ಬೇರೆ ರೋಲಿನದು. ನೆರಳಿನಲ್ಲಿ ಎರಡೂ ಒಂದೇ ಬಣ್ಣ. ಬಿಸಿಲು ಬಿದ್ದೊಡನೆ ಗಲ್ಲಾದ ಕಡೆ ಹೊಗೆ ಬಣ್ಣ, ಗಾದಿಯ ಕಡೆ ನೀಲಿ. ಎರಡನೆಯದಾಗಿ, ತುಂಡುಗಳ ನಡುವೆ ತಾಹೇರ ಬಿಟ್ಟ ಕೂದಲೆಳೆಯಷ್ಟು ಸಂದಿಯಲ್ಲಿ ಬಿಸಿಲು ನುಗ್ಗಿ, ಅಂಗಡಿಯ ನೆಲದ ಮೇಲೆ ಒಂದು ಬಿಳಿ ಗೆರೆ ಎಳೆಯಿತು. ನೆಟ್ಟಗೆ, ಬೆಳ್ಳಗೆ, ಸುಣ್ಣದಿಂದ ಎಳೆದ ಹಾಗೆ.

ದೇವೇಂದ್ರಪ್ಪ ಅದರ ಮೇಲೆ ಚಾಪೆ ಹಾಸಿದ. ಗೆರೆ ಚಾಪೆಯ ಮೇಲೆ ಬಂತು. ಚಾಪೆಯ ಮೇಲೆ ಸೀರೆ ಹರವಿದ. ಗೆರೆ ಸೀರೆಯ ಮೇಲೆ ಬಂತು. ಹೊತ್ತು ಇಳಿದಂತೆ ಗೆರೆ ಮೆಲ್ಲಗೆ ಗವಿಸಿದ್ದೇಶನ ಗಾದಿಯ ಕಡೆಗೇ ಸರಿಯತೊಡಗಿತು. ತಮ್ಮನ ಪಾಲು ಕಣ್ಣೆದುರಿಗೇ ಕಡಿಮೆಯಾಗುತ್ತ ಹೋಗುವುದನ್ನು ಅಣ್ಣ ಬೆವರುತ್ತ ನೋಡಿದ. ಗವಿಸಿದ್ದೇಶ ಗಾದಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ.

ದುರಗೇಶನ ಹೋಟೆಲಿಗೆ ಇಷ್ಟು ಸಾಕಾಗಿತ್ತು. “ದೊಡ್ಡಾವಗ ಐದು, ಸಣ್ಣಾವಗ ಮೂರಂತ” ಎಂಬ ಸುದ್ದಿ ಮಿರ್ಚಿಯ ಬಾಣಲೆಯಿಂದ ಎದ್ದು ಬಸ್ ಸ್ಟ್ಯಾಂಡ್ ತನಕ ಹೋಯಿತು. ಐದು ಮೂರು ಎಂದರೆ ಸಿದ್ದಾಪುರದ ಗದ್ದೆಯೂ ಹಾಗೆಯೇ ಒಡೆದಿರಬೇಕೆಂದು ಲೆಕ್ಕ ಬಲ್ಲವರು ವಿಸ್ತರಿಸಿದರು. ದೇವೇಂದ್ರಪ್ಪ ರಸ್ತೆ ದಾಟಿ ಹೋಗಿ, “ಹಂಗೇನೂ ಇಲ್ರಿ, ಅದು ಪೇಪರಿನ ಜಾಯಿಂಟು” ಎಂದು ಒಬ್ಬೊಬ್ಬರಿಗೂ ತಿಳಿಸಿ ಹೇಳಿದ. ಇಷ್ಟು ಹೇಳಬೇಕಾದರೆ ಏನೋ ಇರಲೇಬೇಕೆಂದು ಅಲ್ಲಿಯವರೆಗೆ ನಂಬದಿದ್ದವರೂ ನಂಬಿದರು. ಅಂಗಡಿಗೆ ಬಂದ ಗಿರಾಕಿಗಳು ಹೊಸ್ತಿಲಲ್ಲೇ ನಿಂತು, “ರೊಕ್ಕ ಯಾವ ಕಡಿ ಕೊಡಬೇಕ್ರಿ?” ಎಂದು ಕೇಳತೊಡಗಿದರು.

ಮೂರನೆಯ ದಿನ ಗವಿಸಿದ್ದೇಶನ ಹೆಂಡತಿ ರೇಣುಕಾದೇವಿ ಸಂತೆಗೆ ಬಂದವಳು ಅಂಗಡಿಯ ಎದುರು ನಿಂತಳು. ಸೆರಗು ಸರಿಮಾಡಿಕೊಂಡು ಗಾಜನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಹೊಗೆ ಬಣ್ಣದ್ದನ್ನು ನೋಡಿದಳು, ನೀಲಿಯದನ್ನು ನೋಡಿದಳು. ಒಳಗೆ ಬಾರದೆ ಹೊರಟುಹೋದಳು.

ಮರುದಿನ ಮಧ್ಯಾಹ್ನ ಮನೆಯಿಂದ ಊಟ ಬಂತು. ಇಪ್ಪತ್ತು ವರ್ಷದಿಂದ ಬರುತ್ತಿದ್ದುದು ನಾಲ್ಕು ಡಬ್ಬಿಯ ಒಂದೇ ಕ್ಯಾರಿಯರು. ಗಲ್ಲಾದ ಹಿಂದೆ ಪೇಪರು ಹಾಸಿ, ಅಣ್ಣ ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು ಮೊದಲ ತುಂಡು ತಮ್ಮನ ಮುಂದಿಡುವುದು ರೂಢಿ. ಅಂದು ಬಂದದ್ದು ಎರಡು ಸಣ್ಣ ಕ್ಯಾರಿಯರು. ಒಂದಕ್ಕೆ ಕೆಂಪು ದಾರ ಕಟ್ಟಿತ್ತು, ಗುರುತಿಗೆ.

ಗವಿಸಿದ್ದೇಶ ಕೆಂಪು ದಾರದ್ದನ್ನು ತೆಗೆದುಕೊಂಡು ತನ್ನ ಗಾದಿಯ ಮೇಲೆ ಕುಳಿತು, ಗೋಡೆಯ ಕಡೆ ಮುಖ ಮಾಡಿ ಉಂಡ. ದೇವೇಂದ್ರಪ್ಪ ರೊಟ್ಟಿ ಮುರಿದ. ಮೊದಲ ತುಂಡು ಕೈಯಲ್ಲೇ ಉಳಿಯಿತು. ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಶಾಲು, ಹಣ್ಣಿನ ಬುಟ್ಟಿ, ಭಾಷಣ ಯಾವುದೂ ಆಗ ನೆನಪಿಗೆ ಬರಲಿಲ್ಲ. ತಮ್ಮ ಹೋಗಿಬಿಡುತ್ತಾನೆ ಎನ್ನುವುದೊಂದೇ ತಲೆಯಲ್ಲಿ ಸುತ್ತತೊಡಗಿತು.

ಫೋನು ಮಾಡದಿದ್ದರೂ ಮುದುಕಪ್ಪ ಕಾಕಾ ಸಂಜೆಯ ಬಸ್ಸಿಗೆ ಬಂದಿಳಿದ. ಇಂಥ ಸುದ್ದಿ ಅವನಿಗೆ ಗಾಳಿಯಲ್ಲಿ ಮುಟ್ಟುತ್ತದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕಿಸೆಯಲ್ಲಿ ಅಳತೆಯ ಟೇಪು ಇತ್ತು.

“ಐದು ಮೂರು ನ್ಯಾಯಲ್ಲ” ಎಂದ ಕುಳಿತವನೇ, ಚಹಾಕ್ಕೂ ಕಾಯದೆ. “ಹಿರೇತನಕ್ಕಂತ ಅರ್ಧ ಫೂಟು ಹೆಚ್ಚು ಇಟ್ಕೋ. ಉಳದದ್ದು ಸಮ.”

“ಕಾಕಾ, ಅದು ಪೇಪರು” ಎಂದ ದೇವೇಂದ್ರಪ್ಪ.

“ಮೊದಲ ಎಲ್ಲಾರೂ ಹಂಗ ಅಂತಾರ” ಎಂದ ಮುದುಕಪ್ಪ, ಅನುಭವದಿಂದ.

ಆಗ ಗವಿಸಿದ್ದೇಶ ಮಡಚುತ್ತಿದ್ದ ಸೀರೆಯನ್ನು ಕೆಳಗಿಟ್ಟ. “ಅಣ್ಣಾ, ಕುಷ್ಟಗ್ಯಾಗ ಒಂದು ಅಂಗಡಿ ಬಾಡಗಿಗೆ ಐತಂತ. ನಾಳೆ ನೋಡಾಕ ಹೊಂಟೀನಿ” ಎಂದ.

ದೇವೇಂದ್ರಪ್ಪ ಗಲ್ಲಾದ ಮೇಲೆ ಕೈಯೂರಿ ಮುಂದಕ್ಕೆ ಬಾಗಿದ. “ಒಂದು ಪೇಪರಿನ ಸಲುವಾಗಿ ಹೋಗ್ತಿಯೇನು? ಕೀಳಿಸಿ ಒಗದುಬಿಡ್ತೀನಿ. ಸೀರಿ ಬಿಳುಪಾದ್ರ ಆಗಲಿ. ಬೇಕಾದ್ರ ಐದು ಫೂಟಿಂದು ನೀ ತಗೋ.”

“ಪೇಪರಿನ ಸಲುವಾಗಿ ಅಲ್ಲ.”

“ಮತ್ತ?”

“ತಾಹೇರನ್ನ ಕೇಳಿದಿ. ಗೋವಿಂದರಾಜನ್ನ ಶ್ರೀರಾಮನಗರದಿಂದ ಕರಿಸಿ ಕೇಳಿದಿ. ಹೋಟೆಲ್ಲಿನಾಗ ಚಾ ಕುಡಿಯೋರನ್ನ ಕೇಳಿದಿ. ಬದಲಿ ಸೀರಿ ಒಯ್ಯಾಕ ಬಂದ ಮಾರೆವ್ವನ್ನೂ ಕೇಳಿದಿ” ಎಂದ ಗವಿಸಿದ್ದೇಶ. ಅವನ ದನಿ ಏರಲಿಲ್ಲ. “ನಾ ಆ ಗಾಜಿನ ಹಿಂದ ದಿನಾ ಗ್ವಾಂಬಿಗೆ ಸೀರಿ ಉಡಸ್ತೀನಿ. ನನ್ನ ಕೇಳಲಿಲ್ಲ. ಗ್ವಾಂಬಿ ಜೋಡಿ ನನ್ನೂ ಒಂದು ಗ್ವಾಂಬಿ ಅಂತ ಲೆಕ್ಕ ಹಿಡದಿ. ಊರ ಮುಂದ ನನ್ನ ತಮ್ಮ ಬಾಯಿ ತೆಗಿಯೂದಿಲ್ಲ ಅಂತಿ. ತೆಗಿಯಾಕ ನೀ ಯಾವಾಗ ಬಿಟ್ಟಿ?”

ಮುದುಕಪ್ಪ ಟೇಪನ್ನು ಕಿಸೆಯಿಂದ ಅರ್ಧ ಹೊರತೆಗೆದು, ಇದು ಸಮಯವೋ ಅಲ್ಲವೋ ಎಂದು ತಿಳಿಯದೆ ಹಾಗೆಯೇ ಹಿಡಿದುಕೊಂಡು ಕುಳಿತ.

ದೇವೇಂದ್ರಪ್ಪನಿಗೆ ಸಿಟ್ಟು ಬಂತು. ಹೆಗಲ ಮೇಲೆ ಹೊತ್ತವನಿಗೆ ಇಂಥ ಮಾತೇ ಎಂದುಕೊಂಡ. ಆಮೇಲೆ ನಾಚಿಕೆ ಬಂತು, ಅದು ಸಿಟ್ಟಿಗಿಂತ ಜೋರಾಗಿ ಬಂತು. ಕಟ್ಟೆಯ ಮೇಲೆ ಮೊಣಕಾಲೂರಿ, “ಅಣ್ಣಾ, ಈ ಕಟ್ಟಿ” ಎಂದು ತಮ್ಮ ಅರ್ಧ ಹೇಳಿ ನಿಲ್ಲಿಸಿದ್ದು ನೆನಪಾಯಿತು. ಇಂಥ ಅರ್ಧ ಮಾತುಗಳು ಇಪ್ಪತ್ತು ವರ್ಷದಲ್ಲಿ ಇನ್ನೆಷ್ಟೋ. ಅವನು ಗಲ್ಲಾದ ಹಿಂದಿನಿಂದ ಎದ್ದು, ಇಳಿಬಿಸಿಲಿನ ಬಿಳಿ ಗೆರೆಯನ್ನು ದಾಟಿ, ತಮ್ಮನ ಗಾದಿಯ ತುದಿಯಲ್ಲಿ ಗಿರಾಕಿಯ ಹಾಗೆ ಕುಳಿತ.

“ಕಟ್ಟಿ ಅಂದಿದ್ದಿ ಅವತ್ತು. ಕಟ್ಟಿ ಏನು?”

ಗವಿಸಿದ್ದೇಶ ಅಣ್ಣನ ಮುಖ ನೋಡಿದ. ಚೇಷ್ಟೆಯಲ್ಲವೆಂದು ಖಾತ್ರಿಯಾದ ಮೇಲೆ ಹೇಳಿದ. “ಗಾಜು ಏಳು ಫೂಟ್ ಎತ್ತರ. ಕೆಳಗಿನ ಎರಡು ಫೂಟಿಗೆ ಕಟ್ಟೀನ ಅಡ್ಡ ಐತಿ. ಕರಿ ಅರಬಿ ಹೊಚ್ಚೈತಿ. ಅಲ್ಲಿ ಬಿಸಲು ಬಿದ್ರ ಕಟ್ಟಿಗಿಗೆ ಏನಾಗತೈತಿ? ಮ್ಯಾಲ ಉಳದದ್ದು ಐದು ಫೂಟು. ರೋಲೂ ಐದು ಫೂಟು. ಅಡ್ಡ ಮಲಗಿಸಿ ಎಂಟು ಫೂಟು ಉದ್ದ ಒಂದ ತುಂಡು ಎಳದುಬಿಟ್ರ ಆತು. ಕೆಳಗಿನ ಅಂಚು ಕಟ್ಟಿಗೆ ಸಮ ಬರತೈತಿ. ಜಾಯಿಂಟ ಬೇಕಾಗಿಲ್ಲ.”

ದೇವೇಂದ್ರಪ್ಪ ಗಾಜನ್ನು ನೋಡಿದ. ಕಟ್ಟೆಯನ್ನು ನೋಡಿದ. ಊರೆಲ್ಲ ಸೇರಿ ಒಂದು ಗೆರೆಯನ್ನು ಎಲ್ಲಿಡಬೇಕೆಂದು ತಲೆ ಕೆಡಿಸಿಕೊಂಡಿತ್ತು. ಆ ಗೆರೆ ಹುಟ್ಟಬೇಕಾಗಿಯೇ ಇರಲಿಲ್ಲ.

“ಅಡ್ಡ ಬಂದ್ರ ಲಕ್ಷ್ಮಿ ತಲಿಗೆ ಬಡೀತೈತಿ ಅಂದಾನಲ್ಲೋ ಗೋವಿಂದರಾಜ” ಎಂದ ಮೆಲ್ಲಗೆ.

“ಎರಡು ಫೂಟ್ ಎತ್ತರಕ್ಕ ತಲಿ ಬಡಿಯಾಕ ಲಕ್ಷ್ಮಿ ಏನು ಅಂಬೆಗಾಲು ಇಟ್ಕೋತ ಬರ್ತಾಳೇನು?”

ಮುದುಕಪ್ಪನಿಗೆ ತಡೆಯಲಾಗದೆ ನಗು ಬಂತು. ಬಂದ ಕೆಲಸ ನೆನಪಾಗಿ ತಕ್ಷಣ ನಿಲ್ಲಿಸಿದ. ದೇವೇಂದ್ರಪ್ಪ ಬಾಯಿ ತೆರೆದು ತಮ್ಮನನ್ನೇ ನೋಡುತ್ತಿದ್ದ. ಇಷ್ಟು ಚುರುಕಾದ ನಾಲಿಗೆ ಅಷ್ಟು ವರ್ಷ ಎಲ್ಲಿತ್ತೆಂದು ಅವನಿಗೆ ಸೋಜಿಗವಾಗಿತ್ತು.

“ನಾಳೆ ಕುಷ್ಟಗಿಗೆ ಹೋಗಬ್ಯಾಡ” ಎಂದ. ಆಜ್ಞೆ ಮಾಡಿದಂತಾಯಿತೆಂದು ತಿಳಿದು ತಿದ್ದಿಕೊಂಡ. “ಹೋಗಬೇಕಂತಿಯೇನು?”

“ನಾಳೆ ತಾಹೇರನ್ನ ಕರಸು” ಎಂದ ಗವಿಸಿದ್ದೇಶ. “ನಾ ನಿಂತು ಹಾಕಸ್ತೀನಿ.”

ಮರುದಿನ ಬೆಳಿಗ್ಗೆಯೇ ತಾಹೇರ ಬಂದು ಎರಡೂ ತುಂಡು ಕಿತ್ತು, ಅಡ್ಡಕ್ಕೆ ಒಂದೇ ತುಂಡು ಎಳೆದ. ಅದರ ಕೆಳಗಿನ ಅಂಚು ಕಟ್ಟೆಯ ಕರಿ ಬಟ್ಟೆಯಲ್ಲಿ ಎಲ್ಲಿ ಮುಗಿಯಿತೆಂದು ಅಂಟಿಸಿದವನಿಗೂ ತಿಳಿಯಲಿಲ್ಲ. ಇದೇ ತನ್ನ ಮನಸ್ಸಿನಲ್ಲೂ ಮೊದಲಿನಿಂದ ಇತ್ತೆಂದು, ಸಾವ್ಕಾರರ ಮನಸ್ಸು ನೋಯಬಾರದೆಂದು ಹೇಳಿರಲಿಲ್ಲವೆಂದು ತಾಹೇರ ಹೋಟೆಲಿನಲ್ಲಿ ಹೇಳಿದ. ಹೋಟೆಲಿನವರು ಗಾಜನ್ನು ಎಷ್ಟು ದಿಟ್ಟಿಸಿದರೂ ಗೆರೆ ಸಿಗದೆ, ಅಣ್ಣತಮ್ಮ ಮತ್ತೆ ಒಂದಾದರೆಂದು ಬೇಸರದಿಂದ ಸಾರಿದರು. ಮುದುಕಪ್ಪ ಟೇಪು ಬಿಚ್ಚದೆಯೇ ಕುಕನೂರಿನ ಬಸ್ಸು ಹತ್ತಿದ.

ಅಂದು ಮಧ್ಯಾಹ್ನ ಮಾರೆವ್ವ ಬಂದು ನೆಲವನ್ನೆಲ್ಲ ಹುಡುಕಿದಳು. “ಗೆರಿ ಎತ್ತ ಹೋತ್ರಿ? ಏನು ಮಾಡಿದ್ರಿ?”

“ನಾ…” ಎಂದು ಶುರುಮಾಡಿದ ದೇವೇಂದ್ರಪ್ಪ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡು ಗಾದಿಯ ಕಡೆ ಕೈ ತೋರಿಸಿದ. “ಅವನ್ನ ಕೇಳ್ರಿ.”

ಊಟಕ್ಕೆ ಹಳೆಯ ನಾಲ್ಕು ಡಬ್ಬಿಯ ಕ್ಯಾರಿಯರು ಬಂತು. ಅಣ್ಣ ರೊಟ್ಟಿ ಮುರಿದು ಮೊದಲ ತುಂಡು ತಮ್ಮನ ಮುಂದಿಟ್ಟ. ಗವಿಸಿದ್ದೇಶ ಅದನ್ನು ಪಲ್ಯದಲ್ಲಿ ಅದ್ದುತ್ತ, ಗಲ್ಲಾ ಇರುವ ಜಾಗ ಸರಿಯಿಲ್ಲ ಎಂದ. ಮೇಲಿನ ದೀಪ ಹಳದಿಯಾದ್ದರಿಂದ ಹಸಿರು ಸೀರೆ ಮಾರಾಟವಾಗುವುದಿಲ್ಲ ಎಂದ. ಯಲಬುರ್ಗಾದಿಂದ ತರಿಸುವ ಕುಪ್ಪಸದ ಬಟ್ಟೆ ಬಹಳ ವರ್ಷದಿಂದ ಹಾಳಾಗಿದೆ ಎಂದ. ಅಣ್ಣ ಆರಿಸಿಕೊಡುವ ಅಂಗಿಯ ಬಣ್ಣ ತನಗೆ ಮದುವೆಯಾದಾಗಿನಿಂದ ಸೇರುವುದಿಲ್ಲ ಎಂದ. ಒಂದು ಡಬ್ಬಿ ಖಾಲಿಯಾಯಿತು, ಇನ್ನೊಂದು ಬಿಚ್ಚಿದರು, ತಮ್ಮನ ಮಾತು ಇನ್ನೂ ಮೊದಲ ಭಾಗದಲ್ಲೇ ಇತ್ತು.

ದೇವೇಂದ್ರಪ್ಪ ಕೇಳುತ್ತ ಕುಳಿತ. ಕೊಪ್ಪಳದ ಭಾಷಣದ ಬೆನ್ನೆಲುಬು ಮುರಿದುಹೋಗಿತ್ತು. ಶಾಲು ಹೊದ್ದು ಇನ್ನು ಏನು ಹೇಳಬೇಕೋ ಅವನಿಗೆ ಗೊತ್ತಿರಲಿಲ್ಲ. ಅಂಗಿಯ ಮಾತಿಗೆ ಅವನಿಗೆ ಚುರ್ರೆಂದಿತು. ಸುಮ್ಮನೆ ಉಣ್ಣು ಎನ್ನುವ ಮಾತು ಬಾಯಿಯ ತನಕ ಬಂತು. ಅದನ್ನು ಖಾರದ ತುತ್ತಿನ ಜೊತೆಗೆ ನುಂಗಿ, ಕಣ್ಣಲ್ಲಿ ಬಂದ ನೀರನ್ನು ಖಾರದ ಮೇಲೆ ಹಾಕಿ, ತಮ್ಮನ ಕಡೆ ಇನ್ನೊಂದು ರೊಟ್ಟಿ ಸರಿಸಿದ.

“ಮತ್ತ?” ಎಂದ. “ಹೇಳಪಾ.”